ಬಿಲ್ಲಿನಲ್ಲಿ ಒರಿಜಿನಲ್, ಗಾಡಿಯಲ್ಲಿ ಅಗ್ಗದ ಮಾಲು: ವೈಪರ್ ಬ್ಲೇಡ್ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ,
ಮೈಸೂರು

ವಿಷಯ: ಒರಿಜಿನಲ್ ದರ ಪಡೆದು ಕಳಪೆ ವೈಪರ್ ಬ್ಲೇಡ್ ಹಾಕಿರುವುದು, ಅದರಿಂದ ಮುಂದಿನ ಗಾಜಿಗೆ ಗೀರು ಬಿದ್ದಿರುವುದು

ಮಾನ್ಯರೇ,

ನೀವು ಕೊಟ್ಟ ಬಿಲ್ಲಿನಲ್ಲಿ ‘ವೈಪರ್ ಬ್ಲೇಡ್, ಫ್ಲಾಟ್, ಒರಿಜಿನಲ್, 1 ಸೆಟ್’ ಎಂದಿದೆ. ಹಣವನ್ನೂ ಆ ದರಕ್ಕೇ ತೆಗೆದುಕೊಂಡಿದ್ದೀರಿ. ಗಾಡಿಗೆ ಹಾಕಿರುವುದು ಆ ಮಾಲಲ್ಲ. ಫೋನಿನಲ್ಲಿ ವಿನಯವಾಗಿಯೇ ಹೇಳಿದೆ, ‘ನೋಡ್ತೀವಿ ಸಾರ್’ ಅಂದಿರಿ, ಯಾರೂ ನೋಡಲಿಲ್ಲ. ಕೊನೆಗೆ ಕೌಂಟರಿಗೇ ಬಂದಾಗ ನಡೆದದ್ದು ನಿಮ್ಮ ಕಿವಿಗೆ ಬಿದ್ದಿರಲಾರದು, ಆದ್ದರಿಂದ ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಬ್ಲೇಡ್ ಮೇಲಕ್ಕೆ ಹೋಗುವಾಗ ಸುಮ್ಮನಿದ್ದು, ವಾಪಸ್ ಬರುವಾಗ ಕಟಕಟ ಕುಣಿಯುತ್ತದೆ ಎಂದೆ. ನಿಮ್ಮ ಸರ್ವಿಸ್ ಅಡ್ವೈಸರ್ ಕುರ್ಚಿಯಿಂದ ಏಳಲಿಲ್ಲ. ‘ನಿಮ್ ಗ್ಲಾಸೇ ಸರಿ ಇಲ್ಲ ಸಾರ್’ ಅಂದರು. ಗಾಡಿ ಹತ್ತಿರ ಬನ್ನಿ ಎಂದು ಒತ್ತಾಯ ಮಾಡಿದ ಮೇಲೆ, ಮೇಜಿನ ಮೇಲಿದ್ದ ಕುಡಿಯುವ ನೀರಿನ ಬಾಟಲಿ ಹಿಡಿದುಕೊಂಡು ಬಂದರು. ಮುಚ್ಚಳ ತೆಗೆದು ಗಾಜಿನ ಮೇಲೆ ಪೂರ್ತಿ ಸುರಿದರು. ಒಳಗೆ ಕೈ ಹಾಕಿ ವೈಪರ್ ಆನ್ ಮಾಡಿದರು. ‘ಒರೆಸ್ತಾ ಇದೆಯಲ್ಲ? ಇನ್ನೇನ್ ಬೇಕು?’ ಅಂತ ನನ್ನನ್ನಲ್ಲ, ಪಕ್ಕದಲ್ಲಿ ಕಾಯುತ್ತಿದ್ದ ಗ್ರಾಹಕರನ್ನು ಕೇಳಿದರು. ಅವರಲ್ಲೊಬ್ಬರು ನಕ್ಕರು. ಖಾಲಿ ಬಾಟಲಿಯನ್ನು ನನ್ನ ಬಾನೆಟ್ ಮೇಲೇ ಇಟ್ಟು, ‘ಮಳೇಲಿ ಗಾಡಿ ಓಡ್ಸೋಕೆ ಅಭ್ಯಾಸ ಆಗ್ಬೇಕು ಸಾರ್, ವೈಪರ್ ಮೇಲೆ ಹೇಳಿದ್ರೆ ಆಗಲ್ಲ’ ಅಂದರು. ಬ್ಲೇಡಿನ ಖಾಲಿ ಡಬ್ಬ ತೋರಿಸಿ ಎಂದೆ. ‘ಕಸಕ್ಕೆ ಹೋಯ್ತು.’ ತೆಗೆದ ಹಳೆ ಬ್ಲೇಡ್? ‘ಅದೂ ಹೋಯ್ತು.’ ಇದನ್ನು ಹೇಳುವಾಗ ಅವರ ಬೆನ್ನ ಹಿಂದೆಯೇ ನಿಮ್ಮ ಬೋರ್ಡ್ ನೇತಾಡುತ್ತಿತ್ತು: ಬದಲಾಯಿಸಿದ ಭಾಗಗಳನ್ನು ಗ್ರಾಹಕರಿಗೆ ತೋರಿಸಲಾಗುವುದು.

ಬಾಟಲಿ ನೀರು ಸುರಿದು ವೈಪರ್ ಪರೀಕ್ಷೆ ಮಾಡಲಾಗದು. ಗಾಜಿನ ಮೇಲೆ ಧಾರಾಳವಾಗಿ ನೀರಿದ್ದರೆ ಎಂಥ ರಬ್ಬರೂ ಜಾರುತ್ತದೆ. ತುಂತುರಿನಲ್ಲಿ, ಗಾಜು ಅರೆಬರೆ ಒಣಗಿರುವಾಗ ಘರ್ಷಣೆ ಜಾಸ್ತಿ. ಬ್ಲೇಡಿನ ಬಂಡವಾಳ ಬಯಲಾಗುವುದು ಆಗ. ಪ್ರತಿ ಸಲ ದಿಕ್ಕು ಬದಲಿಸುವಾಗ ರಬ್ಬರಿನ ಅಂಚು ಮಗ್ಗುಲು ಬದಲಿಸಬೇಕು. ಅದಕ್ಕೇ ಅಂಚಿನ ಮೇಲೆ ತೆಳ್ಳನೆಯ ಕತ್ತು ಇರುತ್ತದೆ. ಕಳಪೆ ರಬ್ಬರಿನಲ್ಲಿ ಆ ಕತ್ತು ಬಿಸಿಲಿಗೆ ಬಿರುಸಾಗಿ ಒಂದೇ ಕಡೆ ವಾಲಿ ನಿಂತುಬಿಡುತ್ತದೆ. ಒಂದು ದಿಕ್ಕಿನಲ್ಲಿ ಎಳೆಸಿಕೊಂಡು ಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಗಾಜಿಗೆ ಎದುರಾಗಿ ಕುಣಿಯುತ್ತದೆ. ಬ್ಲೇಡನ್ನು ಹಿಡಿದಿರುವ ಲೋಹದ ತೋಳು, ಅಂದರೆ ಆರ್ಮ್ ತಿರುಚಿದ್ದರೂ ಹೀಗಾಗಬಹುದು ನಿಜ. ನನ್ನ ಗಾಡಿಯಲ್ಲಿ ಆರ್ಮ್ ನೆಟ್ಟಗಿದೆ, ನೋಡಿಸಿದ್ದೇನೆ. ಗಾಜಿನ ಮಾತೂ ಸುಳ್ಳು. ಎಣ್ಣೆ, ವ್ಯಾಕ್ಸ್ ಏನೂ ಉಳಿಯದಂತೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅದೇ ಮಾದರಿಯ ಬೇರೆ ಕಾರಿನ ಒರಿಜಿನಲ್ ಬ್ಲೇಡ್ ಹಾಕಿದರೆ ಅದೇ ಗಾಜು ಒಂದೇ ಎಳೆತಕ್ಕೆ ತಿಳಿಯಾಗುತ್ತದೆ.

ಈಗ ನೀವು ಹಾಕಿದ ಬ್ಲೇಡನ್ನೇ ನೋಡಿ. ಒಳ್ಳೆ ಬ್ಲೇಡಿನ ರಬ್ಬರನ್ನು ಜೋಡಿಯಾಗಿ ಅಚ್ಚು ಹಾಕಿ ನಡುವೆ ಚಾಕುವಿನಿಂದ ಸೀಳುತ್ತಾರೆ. ಹಾಗಾಗಿ ಅಂಚು ಚೌಕಾಗಿ, ಚೂಪಾಗಿರುತ್ತದೆ. ಇದರ ಅಂಚಿಗೆ ಉಗುರು ಆನಿಸಿ ಎಳೆದರೆ ಗರಗಸದ ಹಾಗೆ ತಡೆಯುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಹೊಸ ಬ್ಲೇಡಿನಿಂದ ಮೊದಲ ಸಲ ಒಂಚೂರು ಗ್ರಾಫೈಟ್ ಪುಡಿ ಬರುವುದು ಸಹಜ. ಇದು ಪ್ರತಿ ಸಲವೂ ಅಂಟಂಟಾಗಿ ಕಪ್ಪು ಬಿಡುತ್ತದೆ, ಅಂದರೆ ರಬ್ಬರೇ ಕರಗುತ್ತಿದೆ.

ಉಕ್ಕಿನ ಪಟ್ಟಿ ಇನ್ನೂ ಮುಖ್ಯ. ಫ್ಲಾಟ್ ಬ್ಲೇಡಿಗೆ ಚೌಕಟ್ಟಿಲ್ಲ, ಒತ್ತಡ ಹಂಚುವುದು ಒಳಗಿನ ಸ್ಪ್ರಿಂಗ್ ಸ್ಟೀಲ್ ಒಂದೇ. ಆರ್ಮ್ ಒತ್ತಿದಾಗ ತುದಿಯಿಂದ ತುದಿಗೆ ಗಾಜನ್ನು ಸಮನಾಗಿ ಅಪ್ಪುವ ಹಾಗೆ ಅದರ ಬಾಗು ಆಯಾ ಮಾದರಿಯ ಗಾಜಿಗೆ ಹೊಂದಿರಬೇಕು. ಅಗ್ಗದ ಮಾಲಿನಲ್ಲಿ ಎಲ್ಲ ಕಾರಿಗೂ ಒಂದೇ ಬಾಗು. ನಿಮ್ಮ 22 ಇಂಚಿನ ಬ್ಲೇಡ್ ಚಾಲಕನ ಬದಿಯಲ್ಲಿ ನಡುವೆ ಒಂದು ಗೇಣಗಲ ಗಾಜನ್ನು ಮುಟ್ಟುವುದೇ ಇಲ್ಲ, ಒರೆಸದ ಆ ಪಟ್ಟಿ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಕೊಕ್ಕೆಯ ಜಾಗದಲ್ಲಿ ಹತ್ತಾರು ಕಾರಿಗೆ ಆಗುವ ಪ್ಲಾಸ್ಟಿಕ್ ಕ್ಲಿಪ್ಪು, ಕೈಯಲ್ಲಿ ಅಲ್ಲಾಡಿಸಿದರೆ ಲಟಲಟ ಅನ್ನುತ್ತದೆ.

ಅತಿ ದೊಡ್ಡ ಹಾನಿ ತುದಿಯಲ್ಲಾಗಿದೆ. ತುದಿಯ ಮುಚ್ಚಳ ಸಡಿಲವಾಗಿ ಉಕ್ಕಿನ ಪಟ್ಟಿ ಹೊರಬಂದು ಗಾಜಿನ ಮೇಲೆ ಬಿಲ್ಲಿನಾಕಾರದ ಗೀರು ಎಳೆದಿದೆ. ಉಗುರಿಗೆ ಸಿಗುವಷ್ಟು ಆಳ. ಅಂಥ ಗೀರನ್ನು ಪಾಲಿಶ್ ಮಾಡಲು ಹೋದರೆ ಆ ಜಾಗ ತಗ್ಗಾಗಿ ನೋಟವೇ ಡೊಂಕಾಗುತ್ತದೆ, ಗಾಜು ಬದಲಿಸದೆ ದಾರಿಯಿಲ್ಲ. ರಾತ್ರಿ ಶ್ರೀರಂಗಪಟ್ಟಣದ ಕಡೆಯಿಂದ ಬರುವಾಗ ಎದುರು ಲಾರಿಯ ದೀಪ ಆ ಗೀರಿನುದ್ದಕ್ಕೂ ಚೆಲ್ಲಿ ರಸ್ತೆಯೇ ಮರೆಯಾಗುತ್ತದೆ. ನಮ್ಮ ಕಡೆ ಗಾಜಿನ ಮೇಲೆ ಬರೀ ನೀರು ಬೀಳುವುದಿಲ್ಲ. ಆಲೆಮನೆಯ ಮಸಿ, ರಸ್ತೆ ಮೇಲೆ ಹುರುಳಿ ಒಕ್ಕಿದ ಹೊಟ್ಟು, ಸಂಜೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನ ಗದ್ದೆ ಹುಳ, ಎಲ್ಲವೂ ಅಂಟುತ್ತವೆ. ಮಂಡ್ಯ ಜಿಲ್ಲೆಯ ಗಾಡಿಗಳನ್ನು ದಿನವೂ ನೋಡುವ ನಿಮಗೆ ಇದನ್ನು ಹೇಳಿಕೊಡಬೇಕಾಗಿ ಬಂದಿರುವುದಕ್ಕೆ ನನಗೆ ಸಿಟ್ಟಿದೆ. ಕಾರಿಗೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮ ಹೇಳುತ್ತದೆ. ಅದು ಜೀವ ಉಳಿಸುವ ಭಾಗ.

ನನ್ನ ಬೇಡಿಕೆ: ಬಿಲ್ಲಿನಲ್ಲಿರುವ ಬ್ಲೇಡನ್ನೇ, ತಯಾರಕರ ಹೆಸರು, ತಯಾರಾದ ತಿಂಗಳು-ವರ್ಷ, ಎಂಆರ್‌ಪಿ ಇರುವ ಡಬ್ಬವನ್ನು ನನ್ನೆದುರೇ ಒಡೆದು ಹಾಕಬೇಕು. ಮುಂದಿನ ಗಾಜನ್ನು ನಿಮ್ಮ ಖರ್ಚಿನಲ್ಲಿ ಬದಲಿಸಬೇಕು. ಆ ಅಡ್ವೈಸರ್ ಲಿಖಿತವಾಗಿ ಕ್ಷಮೆ ಕೇಳಬೇಕು. ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಅಚ್ಚು ಹಾಕಿಸಿದ್ದೀರಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಆ ಸಾಲು ನನ್ನ ಬಾಯಿ ಮುಚ್ಚಿಸುವುದಿಲ್ಲ.

ಪತ್ರ ತಲುಪಿದ 15 ದಿನದೊಳಗೆ ಇದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ, ಹಿಂದೆಯೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಬ್ಲೇಡ್ ಕುಣಿಯುವ ವಿಡಿಯೊ, ಗೀರಿನ ಫೋಟೊ, ನಿಮ್ಮ ಬೋರ್ಡಿನ ಫೋಟೊ ಎಲ್ಲ ಇದೆ. ಕಳಚಿದ ಎರಡೂ ಬ್ಲೇಡನ್ನು ಕವರಿಗೆ ಹಾಕಿ ಅಂಟಿಸಿಟ್ಟಿದ್ದೇನೆ. ಪರಿಶೀಲನೆಗೆಂದು ಕೇಳಿದರೂ ನಿಮಗೆ ಕೊಡುವುದಿಲ್ಲ, ಆಯೋಗದ ಮೇಜಿನ ಮೇಲೇ ಇಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ನಕಲು, ಫೋಟೊಗಳು