ಅಧ್ಯಕ್ಷರ ಸಹಿಯ ಹಿಂದೆ ಯಾವ ಕಾಯ್ದೆ ಇದೆ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರು ಕಾರ್ಯಕಾರಿ ಆದೇಶವೊಂದಕ್ಕೆ ಸಹಿ ಹಾಕಿದ ಮರುದಿನವೇ ನಮ್ಮ ಪತ್ರಿಕೆಗಳಲ್ಲಿ ‘ಹೊಸ ಕಾನೂನು ಜಾರಿ’ ಎಂದು ಅಚ್ಚಾಗುತ್ತದೆ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಬೇಕಾದಷ್ಟಿವೆ, ಮಂಡ್ಯದಲ್ಲೂ ಕಡಿಮೆಯಿಲ್ಲ. ಆ ತಲೆಬರಹ ಕಂಡು ಹೆತ್ತವರು ಕಂಗಾಲಾಗುತ್ತಾರೆ. ಆದೇಶ ಯಾವ ಕಾಯ್ದೆಯ ಯಾವ ಕಲಮಿನ ಅಡಿ ಹೊರಟಿದೆ ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಆದೇಶ ಯಾರನ್ನು ಮುಟ್ಟುತ್ತದೆ, ಯಾರನ್ನು ಮುಟ್ಟುವುದಿಲ್ಲ ಎಂಬುದು ತಿಳಿಯುವುದೇ ಅದರಿಂದ.

ಅಮೆರಿಕದ ಸಂವಿಧಾನದಲ್ಲಿ ಕಾರ್ಯಕಾರಿ ಆದೇಶದ ಪ್ರಸ್ತಾಪವೇ ಇಲ್ಲ. ಅದರ ಎರಡನೇ ವಿಧಿ ಕಾರ್ಯಾಂಗದ ಅಧಿಕಾರವನ್ನು ಅಧ್ಯಕ್ಷರಿಗೆ ವಹಿಸಿ, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳುವ ಹೊಣೆ ಹೊರಿಸುತ್ತದೆ, ಅಷ್ಟೆ. ಹಾಗಾಗಿ ಆದೇಶ ಮೊದಲು ಕಟ್ಟಿಹಾಕುವುದು ಇಲಾಖೆಗಳನ್ನು, ಅಧಿಕಾರಿಗಳನ್ನು. ಜನಸಾಮಾನ್ಯರವರೆಗೆ ಅದು ಬರಬೇಕಾದರೆ ಸಾಮಾನ್ಯವಾಗಿ ನಡುವೆ ಒಂದು ಕಾಯ್ದೆ ಇರಬೇಕು. ನಮ್ಮ ಸರ್ಕಾರಿ ಆದೇಶಕ್ಕೆ ಇದನ್ನು ಹೋಲಿಸಬಹುದೇ ಹೊರತು ಸುಗ್ರೀವಾಜ್ಞೆಗಲ್ಲ. ನಮ್ಮ 123ನೇ ವಿಧಿಯ ಸುಗ್ರೀವಾಜ್ಞೆಗೆ ಸಂಸತ್ತಿನ ಕಾಯ್ದೆಯಷ್ಟೇ ಬಲ, ಜೊತೆಗೆ ಗಡುವೂ ಉಂಟು: ಸದನಗಳು ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ. ಅಮೆರಿಕದ ಅಧ್ಯಕ್ಷರಿಗೆ ಆ ಬಲವೂ ಇಲ್ಲ, ಆ ಗಡುವೂ ಇಲ್ಲ. ರದ್ದಾಗುವವರೆಗೆ ಆದೇಶ ಉಳಿಯುತ್ತದೆ. ಮುಂದಿನ ಅಧ್ಯಕ್ಷರು ಒಂದೇ ಸಹಿಯಲ್ಲಿ ತೆಗೆದುಹಾಕಲೂಬಹುದು. 2025ರ ಜನವರಿ 20ರಂದು ಟ್ರಂಪ್ ಒಂದೇ ಆದೇಶದಲ್ಲಿ ಬೈಡನ್ ಕಾಲದ 78 ಆದೇಶಗಳನ್ನೂ ಕ್ರಮಗಳನ್ನೂ ರದ್ದು ಮಾಡಿದರು.

ಕಾಯ್ದೆಯ ಬಲವಿದ್ದ ಸುಗ್ರೀವಾಜ್ಞೆಯೇ ನಿಲ್ಲದಿದ್ದುದನ್ನು ಕಾವೇರಿ ಕೊಳ್ಳದವರು ಕಂಡಿದ್ದಾರೆ. ನ್ಯಾಯಮಂಡಳಿ 1991ರ ಜೂನ್ 25ರಂದು ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪ ಸರ್ಕಾರ ಜುಲೈ 25ರಂದು ನಮ್ಮ ನೀರಾವರಿ ರಕ್ಷಣೆಗೆಂದು ಸುಗ್ರೀವಾಜ್ಞೆ ತಂದಿತು. ಎರಡೇ ದಿನದಲ್ಲಿ ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಅಂಥ ಶಾಸನ ಮಾಡುವ ಅಧಿಕಾರವೇ ರಾಜ್ಯಕ್ಕಿಲ್ಲ ಎಂದು ನವೆಂಬರ್ 22ರಂದು ಕೋರ್ಟ್ ಹೇಳಿತು. ರೈತರ ಕಷ್ಟ ಸುಳ್ಳಾಗಿರಲಿಲ್ಲ; ಸುಗ್ರೀವಾಜ್ಞೆಯ ಬುಡದಲ್ಲಿ ಅಧಿಕಾರವಿರಲಿಲ್ಲ.

ಅಮೆರಿಕದಲ್ಲಿ ಈ ಪರೀಕ್ಷೆ ಕಟ್ಟುನಿಟ್ಟಾಗಿ ನಡೆದದ್ದು 1952ರಲ್ಲಿ. ಕೊರಿಯಾ ಯುದ್ಧದ ನಡುವೆ ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗುವುದರಲ್ಲಿತ್ತು. ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು 10340ನೇ ಆದೇಶ ಹೊರಡಿಸಿ ಕಾರ್ಖಾನೆಗಳನ್ನೇ ವಶಕ್ಕೆ ತೆಗೆದುಕೊಳ್ಳಲು ಹೇಳಿದರು. ಅಂಥ ಅಧಿಕಾರ ಕೊಡುವ ಪ್ರಸ್ತಾವವನ್ನು ಅವರ ಸಂಸತ್ತು, ಅಂದರೆ ಕಾಂಗ್ರೆಸ್, 1947ರಲ್ಲೇ ಕೈಬಿಟ್ಟಿತ್ತು. ಜೂನ್ 2ರಂದು ಸುಪ್ರೀಂ ಕೋರ್ಟ್ 6–3 ಬಹುಮತದಲ್ಲಿ ಆದೇಶ ನಿಲ್ಲುವುದಿಲ್ಲ ಎಂದಿತು. ನ್ಯಾಯಮೂರ್ತಿ ಜಾಕ್ಸನ್ ಅಂದು ಹಾಕಿಕೊಟ್ಟ ಅಳತೆಗೋಲನ್ನೇ ಇಂದಿಗೂ ಬಳಸುತ್ತಾರೆ. ಕಾಂಗ್ರೆಸ್ ಒಪ್ಪಿ ಅಧಿಕಾರ ಕೊಟ್ಟ ಕಡೆ ಅಧ್ಯಕ್ಷರ ಬಲ ಪೂರ್ತಿ. ಕಾಂಗ್ರೆಸ್ ಸುಮ್ಮನಿದ್ದ ಕಡೆ ಅನುಮಾನ. ಬೇಡವೆಂದ ಕಡೆ ತೀರ ಕ್ಷೀಣ.

ಇದರಿಂದ ಆದೇಶಗಳೆಲ್ಲ ಹುಸಿ ಎಂದು ತಿಳಿದರೆ ಅದೂ ಅಪಾಯವೇ. 1942ರ ಫೆಬ್ರುವರಿ 19ರಂದು ರೂಸ್ವೆಲ್ಟ್ ಸಹಿ ಹಾಕಿದ 9066ನೇ ಆದೇಶದಿಂದ ಜಪಾನ್ ಮೂಲದ ಸುಮಾರು 1,20,000 ಜನ ಮನೆಮಠ ಬಿಟ್ಟು ಶಿಬಿರ ಸೇರಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಆ ಆದೇಶ ಮೀರಿದವರನ್ನು ಜೈಲಿಗೆ ಹಾಕಲು ದಾರಿ ಮಾಡಿದ್ದು ತಿಂಗಳ ನಂತರ, ಮಾರ್ಚ್ 21ರಂದು, ಕಾಂಗ್ರೆಸ್ ಮಾಡಿಕೊಟ್ಟ ಕಾಯ್ದೆ. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕಾಯ್ದೆಯೂ ಕೋರ್ಟೂ ಬೆನ್ನಿಗೆ ನಿಂತಾಗ ಒಂದು ಸಹಿ ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮವರಿಗೆ ನೇರವಾಗಿ ತಟ್ಟುವ ವಿಷಯ. ಹೊರಗಿನವರು ದೇಶದೊಳಗೆ ಬರುವುದನ್ನು ತಡೆಯುವಲ್ಲಿ ಅಧ್ಯಕ್ಷರ ಕೈ ಬಹಳ ಉದ್ದ. 1952ರ ವಲಸೆ ಕಾಯ್ದೆಯ 212(ಎಫ್) ಕಲಂ ಅದಕ್ಕೆ ಅಧಿಕಾರ ಕೊಡುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಶಾಲವಾಗಿಯೇ ಓದಿತು. ಪರಿಣತ ನೌಕರರಿಗೆ ಕೊಡುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ 2025ರ ಸೆಪ್ಟೆಂಬರ್ 19ರ ಘೋಷಣೆಯೂ ಇದೇ ಕಲಮನ್ನು ಹಿಡಿದು ಬಂತು. ಜಾರಿಗೆ ಬರುವ ಹೊತ್ತು ನಮ್ಮ ಕಾಲಮಾನದಲ್ಲಿ ಸೆಪ್ಟೆಂಬರ್ 21ರ ಬೆಳಿಗ್ಗೆ 9.31, ಮಹಾಲಯ ಅಮಾವಾಸ್ಯೆಯ ದಿನ. ದಸರೆಗೆಂದು ಊರಿಗೆ ಬಂದವರೂ ಸಿಕ್ಕ ವಿಮಾನ ಹತ್ತಿ ಓಡಬೇಕೆನ್ನುವಷ್ಟು ಗಾಬರಿ ಹಬ್ಬಿತು. ಸಿಂಧುವಾದ ವೀಸಾ ಆಗಲೇ ಇರುವವರಿಗೆ ಇದು ಅನ್ವಯಿಸದು, ಹೊಸದಾಗಿ ಹಾಕುವ ಅರ್ಜಿಗಳಿಗೆ ಮಾತ್ರ ಎಂದು ವಲಸೆ ಇಲಾಖೆ ಸೆಪ್ಟೆಂಬರ್ 20ರಂದೇ ತಿಳಿಸಿತ್ತು. ಆ ಟಿಪ್ಪಣಿ ತಲೆಬರಹದಷ್ಟು ದೂರ ಹೋಗಲಿಲ್ಲ.

ಒಳಗಿರುವವರ ಹಕ್ಕಿನ ಪ್ರಶ್ನೆ ಬಂದರೆ ಲೆಕ್ಕ ಬದಲಾಗುತ್ತದೆ. ಜನ್ಮಸಿದ್ಧ ಪೌರತ್ವವನ್ನು ಮೊಟಕುಗೊಳಿಸುವ 14160ನೇ ಆದೇಶ 2025ರ ಫೆಬ್ರುವರಿ 19ರಿಂದ ಜಾರಿಯಾಗಬೇಕಿತ್ತು. ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಡುವ, ಸಂವಿಧಾನದ 1868ರ 14ನೇ ತಿದ್ದುಪಡಿ ಎದುರಿಗಿದ್ದುದರಿಂದ ಸಹಿ ಬಿದ್ದ ಮೂರೇ ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶರು ತಡೆ ಕೊಟ್ಟರು, ಆ ದಿನಾಂಕಕ್ಕೆ ಅದು ಜಾರಿಯಾಗಲಿಲ್ಲ. ಎಚ್-4 ವೀಸಾದವರ, ಅಂದರೆ ಎಚ್-1ಬಿ ನೌಕರರ ಗಂಡ ಅಥವಾ ಹೆಂಡತಿಯ, ಕೆಲಸದ ಪರವಾನಗಿಯದು ಇನ್ನೊಂದು ಬಗೆ. 2015ರ ಮೇ ತಿಂಗಳಲ್ಲಿ ಶುರುವಾದ ಅದು ಇಲಾಖೆಯ ನಿಯಮ. ನಿಯಮ ತೆಗೆಯಬೇಕಾದರೆ ಕರಡು ಪ್ರಕಟಿಸಬೇಕು, ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು, ಕಾರಣ ಬರೆಯಬೇಕು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅದನ್ನು ತೆಗೆಯುತ್ತೇವೆಂದು ವರ್ಷಗಟ್ಟಲೆ ಹೇಳಿದರೂ ಆಗಲಿಲ್ಲ.

ಸುಂಕದ ಆದೇಶಗಳ ವ್ಯಾಜ್ಯ ದೊಡ್ಡದು, ಅದಕ್ಕೆ ಬೇರೆಯೇ ಪತ್ರ ಬೇಕು. ದುಡ್ಡಿನ ಮಾತು ಮಾತ್ರ ಹೇಳಿಬಿಡುತ್ತೇನೆ. ಗ್ವಾಂಟನಾಮೊ ಸೆರೆಮನೆಯನ್ನು ವರ್ಷದೊಳಗೆ ಮುಚ್ಚಬೇಕೆಂದು ಒಬಾಮ 2009ರ ಜನವರಿ 22ರಂದು ಆದೇಶಿಸಿದರು. ಕಾಂಗ್ರೆಸ್ ಹಣ ಕೊಡಲಿಲ್ಲ, ಎಂಟು ವರ್ಷ ಆಳಿದರೂ ಅವರಿಗೆ ಮುಚ್ಚಲಾಗಲಿಲ್ಲ.

ವರದಿಗಾರರಿಗೆ ಮೂಲಪಾಠ ಸಿಗುವುದು ಕಷ್ಟವಲ್ಲ. ಕರಡು ಬಜೆಟ್ ಕಚೇರಿ ಮತ್ತು ಅಟಾರ್ನಿ ಜನರಲ್ ಕಣ್ಣು ದಾಟಿ, ಸಹಿಯಾದ ಕೆಲ ದಿನಗಳಲ್ಲಿ ಫೆಡರಲ್ ರಿಜಿಸ್ಟರ್ ಎಂಬ ಅಲ್ಲಿನ ರಾಜಪತ್ರದಲ್ಲಿ ಸಂಖ್ಯೆಯೊಂದಿಗೆ ಪ್ರಕಟವಾಗುತ್ತದೆ. ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಆಧಾರದ ಕಾಯ್ದೆ ಇದ್ದರೆ ಸಾಮಾನ್ಯವಾಗಿ ಮೊದಲ ವಾಕ್ಯದಲ್ಲೇ ಅದರ ಹೆಸರಿರುತ್ತದೆ. ಸಂವಿಧಾನ ಮತ್ತು ಕಾನೂನುಗಳು ಎಂದಷ್ಟೇ ಇದ್ದು ನಿರ್ದಿಷ್ಟ ಕಾಯ್ದೆ ಇಲ್ಲದಿದ್ದರೆ ಅನುಮಾನದಿಂದ ಓದಬೇಕು. ಕೊನೆಯ ಕಲಮನ್ನೂ ಬಿಡಬಾರದು: ಜಾರಿಯಲ್ಲಿರುವ ಕಾನೂನಿಗೆ ಒಳಪಟ್ಟು, ಅನುದಾನ ಲಭ್ಯವಿದ್ದರೆ ಎಂಬ ಷರತ್ತು ಸಾಮಾನ್ಯವಾಗಿ ಅಲ್ಲಿರುತ್ತದೆ. ‘90 ದಿನದಲ್ಲಿ ವರದಿ ಕೊಡಿ’ ಎಂದು ಇಲಾಖೆಗೆ ಹೇಳಿದ್ದನ್ನು ಇಂದೇ ನಿಷೇಧವಾಯಿತೆಂದು ಬರೆದರೆ ಓದುಗರಿಗೆ ಅನ್ಯಾಯ.

ಆದ್ದರಿಂದ ಇಂಥ ಸುದ್ದಿಯ ಪಕ್ಕದಲ್ಲಿ ಚಿಕ್ಕ ಚೌಕಟ್ಟೊಂದನ್ನು ಹಾಕಬೇಕೆಂದು ಕೋರುತ್ತೇನೆ: ಆದೇಶದ ಸಂಖ್ಯೆ, ಆಧಾರದ ಕಲಂ, ಜಾರಿಯ ದಿನಾಂಕ ಭಾರತೀಯ ಕಾಲಮಾನದಲ್ಲಿ, ದೇಶದ ಒಳಗಿರುವವರಿಗೋ ಹೊರಗಿರುವವರಿಗೋ, ಕೋರ್ಟಿನ ತಡೆ ಇದೆಯೋ ಇಲ್ಲವೋ. ತಡೆ ಬಂದ ದಿನ ಅದನ್ನೂ ಮುಖಪುಟದಲ್ಲೇ, ಸಹಿಯ ಸುದ್ದಿ ಬಂದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

– ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕ, ಸರಸ್ವತಿಪುರಂ, ಮೈಸೂರು