ಬಾವಡಿ ಕೊಟ್ಟ ಮಾವಶಿಗೆ

ಪುಸ್ತಕ ಬಂತು, ಹಿಂದಿ ಕವಿ ಮುಕ್ತಿಬೋಧರ ಕವಿತೆಗಳ ನನ್ನ ಕನ್ನಡ ಅನುವಾದ. ಭಾನುವಾರ ಬಿಡುಗಡೆಯೂ ಆಯಿತು. ಇವರು, ನನ್ನ ಯಜಮಾನರು, ಮುಂದಿನ ಸಾಲಿನಲ್ಲೇ ಕೂತಿದ್ದರು, ಕೋಲನ್ನು ಕುರ್ಚಿಗೆ ಆನಿಸಿ, ಭಾಷಣ ಉದ್ದವಾದಾಗಲೆಲ್ಲ ಮೊದಲಿನ ಹಾಗೇ ಗಡಿಯಾರ ನೋಡುತ್ತ. ಆ ಗಡಿಯಾರ ನೋಡುವ ಚಾಳಿ ವಾಪಸ್ಸು ಬಂದದ್ದೇ ನನಗೆ ಸಾಕಾಗಿತ್ತು. ವೇದಿಕೆ ಮೇಲೆ ನನಗೆ ಸಿಕ್ಕ ಐದು ನಿಮಿಷದಲ್ಲಿ ಗಂಟಲು ಕಟ್ಟಿತು, ಹೇಳಬೇಕಾದ ಹೆಸರೆಲ್ಲ ಒಳಗೇ ಉಳಿದವು. ಅದಕ್ಕೆ ಈ ಬರಹ.

ಇವರಿಗೆ ಏನಾಗಿತ್ತು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು ಅನ್ನುವುದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ.

ರಜೆ ಹಾಕಿ ಓಡಿಬಂದ ಮಗನಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಶಾಲೆಯ ಸಹೋದ್ಯೋಗಿಗಳಿಗೆ, ರಕ್ತ ಕೊಟ್ಟ ಹಳೆಯ ವಿದ್ಯಾರ್ಥಿಗಳಿಗೆ, ಮೂರು ಸಲ ಗಡುವು ಮುಂದೂಡಿದ ಪ್ರಕಾಶಕರಿಗೆ, ಕರಡಿನಲ್ಲಿ ನನ್ನ ಕಾಗುಣಿತ ತಿದ್ದಿದ ಗೆಳತಿಗೆ, ರಾತ್ರಿಪಾಳಿಯ ಆ ಇಬ್ಬರು ನರ್ಸ್ ಹುಡುಗಿಯರಿಗೆ ನಾನು ಋಣಿ. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಅವರಿಗಿಂತ ಮೊದಲು ಕವಿಯ ಮಾತು. ಗಜಾನನ ಮಾಧವ ಮುಕ್ತಿಬೋಧ. 1917ರಲ್ಲಿ ಗ್ವಾಲಿಯರ್ ಸಂಸ್ಥಾನದ ಶ್ಯೋಪುರದಲ್ಲಿ ಹುಟ್ಟಿದವರು. ಮನೆಮಾತು ಮರಾಠಿ, ತಮ್ಮ ಶರಚ್ಚಂದ್ರ ಮರಾಠಿಯಲ್ಲೇ ಕವಿಯಾದರು, ಅಣ್ಣ ಹಿಂದಿಗೆ ಬಂದರು. ನಾನು ಹಿಂದಿ ಕಲಿತದ್ದು ಹಿಂದಿ ಪ್ರಚಾರ ಸಭಾದ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆ ಕಟ್ಟಿ. ನನ್ನ ಆ ಹಿಂದಿಯಲ್ಲಿ ಮೈಥಿಲೀಶರಣ ಗುಪ್ತರಿದ್ದರು, ದಿನಕರರಿದ್ದರು, ಈ ಮನುಷ್ಯ ಇರಲಿಲ್ಲ. ಬಹಳ ತಡವಾಗಿ 'ಬ್ರಹ್ಮರಾಕ್ಷಸ' ಓದಿದೆ. ಊರಾಚೆ ಪಾಳುಬಿದ್ದ ಬಾವಡಿ, ಅಂದರೆ ಮೆಟ್ಟಿಲುಬಾವಿ, ತಳದ ತಣ್ಣನೆಯ ಕತ್ತಲಲ್ಲಿ ಒಬ್ಬ ಮಹಾಪಂಡಿತನ ಪ್ರೇತ. ಮೈ ಉಜ್ಜುತ್ತದೆ, ಉಜ್ಜುತ್ತದೆ, ಮತ್ತೂ ಕೊಳೆ, ಮತ್ತೂ ಕೊಳೆ. ಎಲ್ಲ ಬಲ್ಲವನು, ಬಲ್ಲದ್ದನ್ನು ಯಾರಿಗೂ ದಾಟಿಸಲಾಗದೆ ಸತ್ತವನು. ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅನುವಾದಕ್ಕೆ ಕೂತೆ, ಕೂತವಳು ಏಳಲೇ ಇಲ್ಲ ಅನ್ನಿ. ಒಂದೊಂದು ಸಾಲನ್ನೂ ವರ್ಷಗಟ್ಟಲೆ ಉಜ್ಜುತ್ತ ಕಪಾಟಿನಲ್ಲೇ ಇಟ್ಟುಕೊಂಡಿದ್ದೆ. ಇವರು ಅಡಿಗೆಮನೆಯಿಂದ ಕೂಗುತ್ತಿದ್ದರು: 'ಬ್ರಹ್ಮರಾಕ್ಷಸಿ, ಚಹಾ ಆಗೇದ.'

ನಾಲ್ಕು ವರ್ಷದ ಹಿಂದೆ ಇಬ್ಬರೂ ಛತ್ತೀಸಗಡದ ರಾಜನಾಂದಗಾಂವಿಗೆ ಹೋಗಿದ್ದೆವು. ನಾಗಪುರದಲ್ಲಿ ಆಕಾಶವಾಣಿ, 'ನಯಾ ಖೂನ್' ವಾರಪತ್ರಿಕೆ ಅಂತ ಅಲೆದಾಡಿದ ಮುಕ್ತಿಬೋಧರಿಗೆ ಕೊನೆಗೆ ನೆಲೆ ಸಿಕ್ಕಿದ್ದು ಅಲ್ಲಿಯ ದಿಗ್ವಿಜಯ ಕಾಲೇಜಿನಲ್ಲಿ, 1958ರಲ್ಲಿ. ರಾಣಿಸಾಗರ, ಬೂಢಾಸಾಗರ ಅನ್ನುವ ಕೆರೆಗಳ ದಂಡೆಯ ಹಳೆಯ ಅರಮನೆಯೇ ಕಾಲೇಜು, ಅದರ ಒಂದು ಭಾಗದಲ್ಲಿ ಅವರ ಸಂಸಾರ. ಅವರ ಕವಿತೆಗಳಲ್ಲಿ ಮತ್ತೆ ಮತ್ತೆ ಕತ್ತಲ ಮೆಟ್ಟಿಲು ಬರುತ್ತದಲ್ಲ, ಅಂಥದೇ ಒಂದು ಸುರುಳಿ ಮೆಟ್ಟಿಲು ಆ ಮನೆಯಲ್ಲಿದೆ. ನಾನು ಹತ್ತಿದೆ. ಇವರು ಮೊಣಕಾಲು ನೋವೆಂದು ಕೆಳಗೇ ನಿಂತು, 'ಏನೈತಿ ಮ್ಯಾಲೆ?' ಎಂದು ಕೇಳಿದರು. 'ಕತ್ತಲಿ' ಅಂದೆ. ಇಬ್ಬರೂ ನಕ್ಕೆವು. ಮುಂದೆ ಅದೇ ಕತ್ತಲಲ್ಲಿ ಕೂರಬೇಕಾದೀತೆಂದು ಯಾರಿಗೆ ಗೊತ್ತಿತ್ತು.

ಈಗ ಮಾವಶಿ. ನಮ್ಮ ಓಣಿಯ ತುದಿಯಲ್ಲಿ ಖಾನಾವಳಿ ನಡೆಸುವವರು, ವಿಜಾಪುರದ ಕಡೆಯವರು. ನಮ್ಮ ಅವರ ನಡುವೆ ಅದುವರೆಗೆ ಇದ್ದದ್ದು ಜೋಳದ ರೊಟ್ಟಿಯ ಲೆಕ್ಕ ಮಾತ್ರ. ಆ ರಾತ್ರಿ ಎಂಟು ಗಂಟೆಗೆ ಆಸ್ಪತ್ರೆಗೆ ಬುತ್ತಿ ಕೊಟ್ಟು ಹೋಗಲು ಬಂದವರು ನನ್ನ ಮುಖ ನೋಡಿ ಬೆಂಚಿನ ಮೇಲೆ ಕೂತರು. ಹೋಗಲಿಲ್ಲ. ಮಗ ಇನ್ನೂ ರೈಲಿನಲ್ಲಿದ್ದ. ಬಂದುಹೋದ ಬಂಧುಗಳು 'ಧೈರ್ಯ ತಗೋ' ಅಂದು ಹೊರಟಿದ್ದರು. ಮಾವಶಿ ಧೈರ್ಯದ ಮಾತೇ ಆಡಲಿಲ್ಲ. ರೊಟ್ಟಿ ಮುರಿದು ನನ್ನ ಕೈಗಿಟ್ಟರು, ತಿನ್ನುವ ತನಕ ಬಿಡಲಿಲ್ಲ.

ನಡುರಾತ್ರಿ ದಾಟಿದ ಮೇಲೆ ನನ್ನ ಚೀಲದ ಕಡೆ ಕೈ ಮಾಡಿ, 'ಆ ಹಾಳಿ ಏನ್ರಿ ಬಾಯಾರ?' ಅಂದರು.

'ಕವಿತಾ. ಹಿಂದೀದ್ದು. ಕನ್ನಡಕ್ಕ ಮಾಡಾಕತ್ತೀನಿ.'

'ಸುಮ್ಮ ಕುಂತ್ರ ರಾತ್ರಿ ಹೋಗಂಗಿಲ್ರಿ. ಓದ್ರಿ.'

'ಬ್ರಹ್ಮರಾಕ್ಷಸ' ಓದಿದೆ. ಎರಡನೆಯ ಸಾಲಿಗೇ ತಡೆದರು. 'ಪುಷ್ಕರಣಿ ಅಂದ್ರ ಗುಡೀದಲ್ಲೇನ್ರಿ? ಅಲ್ಯಾಕ ದೆವ್ವ ಇರ್ತೈತಿ?'

ಊರ ಹೊರಗಿನದು, ಪಾಳುಬಿದ್ದದ್ದು, ಕೆಳಗಿಳಿಯಲು ಮೆಟ್ಟಿಲಿರುತ್ತವೆ ಅಂತ ವಿವರಿಸಿದೆ.

'ಹಂಗಾರ ಬಾವಡಿ ಅನ್ರಲಾ. ನಮ್ಮ ವಿಜಾಪುರದಾಗ ತಾಜ್ ಬಾವಡಿ ಐತಿ, ಚಾಂದ್ ಬಾವಡಿ ಐತಿ.'

ಹಿಂದಿಯಲ್ಲಿ ಇದ್ದದ್ದೂ ಅದೇ. ಬಾವಡಿ. ಬಾವಿ, ಕೊಳ, ಕಲ್ಯಾಣಿ, ಪುಷ್ಕರಣಿ ಅಂತ ನಾನು ವರ್ಷಗಟ್ಟಲೆ ತಡಕಾಡಿದ ಶಬ್ದ ಆದಿಲಶಾಹಿಯ ಕಾಲದಿಂದ ನಮ್ಮ ನೆಲದಲ್ಲೇ ನೀರು ತುಂಬಿಕೊಂಡು ಕೂತಿತ್ತು. ಹಿಂದಿ ಶಬ್ದ ಹಾಗೇ ಇಟ್ಟರೆ ಕನ್ನಡ ಬಾರದವಳು ಅಂದಾರು ಎಂಬ ಅಂಜಿಕೆಯಲ್ಲಿ ನಾನೇ ಅದನ್ನು ಹೊಡೆದುಹಾಕಿದ್ದೆ. ಆಸ್ಪತ್ರೆಯ ಬಿಲ್ಲಿನ ಬೆನ್ನಿಗೆ ಬರೆದುಕೊಂಡೆ. ಆ ಬಿಲ್ಲು ಇನ್ನೂ ಇದೆ.

ಒಂದು ಮಾತು ಅವರಿಗೂ ಓದಿ ಹೇಳಲಿಲ್ಲ. ಆ ಕವಿತೆಯ ಕೊನೆಯಲ್ಲಿ ಕವಿ ತಾನು ಬ್ರಹ್ಮರಾಕ್ಷಸನ 'ಸಜಲ್-ಉರ್' ಶಿಷ್ಯನಾಗಬೇಕು, ಅವನು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಬೇಕು ಅನ್ನುತ್ತಾನೆ. ನಾನು 'ಆರ್ದ್ರಹೃದಯದ ಶಿಷ್ಯ' ಎಂದು ಪಾಠಪುಸ್ತಕದ ಹಾಗೆ ಬರೆದಿಟ್ಟಿದ್ದೆ. ಅಕ್ಷರಶಃ ಅದು ಎದೆಯಲ್ಲಿ ನೀರಿರುವವನು. ಅವತ್ತು ಸಂಜೆಯಷ್ಟೇ ಡಾಕ್ಟರು ಇವರ ಬಗ್ಗೆ ಅದೇ ಮಾತು ಹೇಳಿದ್ದರು: ಎದೆಯಲ್ಲಿ ನೀರು ನಿಂತಿದೆ. ಹಾಳೆ ಮಡಚಿದೆ. ಅತ್ತೆ. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಾಗದಂತೆ, ಬಹಳ ಹೊತ್ತು. ಯಾಕೆಂದು ಮಾವಶಿ ಕೇಳಲಿಲ್ಲ. ನನ್ನ ಬೆನ್ನ ಮೇಲೆ ಅವರ ಕೈ ಇತ್ತು, ಅಷ್ಟೆ. ಹಿಟ್ಟಿನ ವಾಸನೆಯ ಕೈ.

ಆಮೇಲೆ ಅವರೇ, 'ಇನ್ನೊಂದು ಓದ್ರಿ, ದೆವ್ವದ್ದು ಬ್ಯಾಡ' ಅಂದರು. ಮುಕ್ತಿಬೋಧರದೇ 'ಅಂಧೇರೇ ಮೇ' ತೆಗೆದೆ. ಅದರಲ್ಲೂ ಕತ್ತಲೆಯೇ. ನಡುರಾತ್ರಿಯ ಮೆರವಣಿಗೆ, ಬ್ಯಾಂಡಿನ ಹಿಂದೆ ಸೇನೆಯವರ ಜೊತೆ ಊರಿನ ಕವಿಗಳು, ವಿಮರ್ಶಕರು, ಧನಿಕರು, ಕೊಲೆಗಡುಕ ಡೋಮಾಜಿ ಉಸ್ತಾದ. ನೋಡಬಾರದ್ದನ್ನು ನೋಡಿದವನು ಓಡುತ್ತಾನೆ. ತಿಲಕರ ಪ್ರತಿಮೆಯ ಮೂಗಿನಿಂದ ನೆತ್ತರು. ಮುಂದೆ ಗಾಂಧಿ ಸಿಕ್ಕು ಒಂದು ಕೂಸನ್ನು ಒಪ್ಪಿಸುತ್ತಾರೆ. ಹೆಗಲ ಮೇಲೆ ಆ ಕೂಸು ಒಮ್ಮೆಲೇ ಅಳುತ್ತದೆ. ಅಷ್ಟಕ್ಕೆ ಒಳಗಿನಿಂದ ನರ್ಸ್ ನನ್ನನ್ನು ಕರೆದರು. ಓದು ಅಲ್ಲಿಗೇ ನಿಂತಿತು.

ಬೆಳಿಗ್ಗೆ ಆರಕ್ಕೆ ಮಗ ಬಂದ. ಮಾವಶಿ ಎದ್ದು ಸೀರೆ ಕೊಡವಿಕೊಂಡು, ಒಲೆ ಹೊತ್ತಿಸಬೇಕು ಅಂತ ಹೊರಟರು. ಆ ದಿನ ಅವರ ಖಾನಾವಳಿಯ ಊಟ ತಡವಾಯಿತಂತೆ, ಹುಡುಗರು ಬೈದರಂತೆ. ಅದು ನನಗೆ ತಿಳಿದದ್ದು ತಿಂಗಳ ಮೇಲೆ.

ಆ ಬೆಂಚಿನ ಮೇಲೆ ನನಗೆ ನೆನಪಾಗುತ್ತಿದ್ದದ್ದು 1964. 1962ರಲ್ಲಿ ಮುಕ್ತಿಬೋಧರು ಮಕ್ಕಳಿಗಾಗಿ ಬರೆದ ಇತಿಹಾಸದ ಪುಸ್ತಕವನ್ನು ಮಧ್ಯಪ್ರದೇಶ ಸರ್ಕಾರ ನಿಷೇಧಿಸಿತ್ತು. ಆ ದಿಗಿಲು 'ಅಂಧೇರೇ ಮೇ' ಒಳಗೂ ಇಳಿದಿದೆ ಎಂದೇ ನನ್ನ ನಂಬಿಕೆ. 1964ರ ಫೆಬ್ರವರಿಯಲ್ಲಿ ಲಕ್ವ ಹೊಡೆಯಿತು. ಭೋಪಾಲಿನ ಆಸ್ಪತ್ರೆ, ಅಲ್ಲಿಂದ ದಿಲ್ಲಿಯ ಏಮ್ಸ್. ಸೆಪ್ಟೆಂಬರ್ 11ಕ್ಕೆ ಹೋದರು, 46 ವರ್ಷ. 1943ರ 'ತಾರ್ ಸಪ್ತಕ್' ಸಂಕಲನದ ಏಳು ಕವಿಗಳಲ್ಲಿ ಒಬ್ಬರಾಗಿದ್ದರೂ, ತಮ್ಮದೇ ಕವನಸಂಕಲನವೊಂದನ್ನು ಕಣ್ಣಾರೆ ನೋಡಲಿಲ್ಲ. 'ಚಾಂದ್ ಕಾ ಮುಂಹ್ ಟೇಢಾ ಹೈ' ಬಂದದ್ದು ಅವರು ಹೋದ ಮೇಲೆ. ಕವಿತೆಗಳನ್ನು ಒಟ್ಟುಮಾಡಲು ಓಡಾಡಿದವರು ಶ್ರೀಕಾಂತ ವರ್ಮಾ, ಮುನ್ನುಡಿ ಬರೆದವರು ಶಮಶೇರ್ ಬಹಾದುರ್ ಸಿಂಹ. ಎಷ್ಟೋ ವರ್ಷದ ಮೇಲೆ, 1980ರಲ್ಲಿ, ಸಮಗ್ರ ಬರಹವನ್ನು ಆರು ಸಂಪುಟವಾಗಿ ಸಂಪಾದಿಸಿದವರು ಹಳೆಯ ಗೆಳೆಯ ನೇಮಿಚಂದ್ರ ಜೈನ್. ಭಾನುವಾರದ ಸಭೆಯಲ್ಲಿ ಹೆಚ್ಚು ಚಪ್ಪಾಳೆ ಬಿದ್ದದ್ದು ಮಾತ್ರ ಚಿತ್ರಕಾರ ಎಂ.ಎಫ್. ಹುಸೇನರು ಮುಕ್ತಿಬೋಧರ ಅಂತ್ಯಕ್ರಿಯೆಯ ನಂತರ ಚಪ್ಪಲಿ ಬಿಟ್ಟರು ಎಂಬ ಕಥೆಗೆ. ಇರಲಿ, ಒಳ್ಳೆಯ ಕಥೆಯೇ. ನನಗೆ ಕಣ್ಣಿಗೆ ಕಟ್ಟುವುದು ಪ್ರಜ್ಞೆಯಿಲ್ಲದ ಗೆಳೆಯನ ಹಾಳೆಗಳನ್ನು ಹೊಂದಿಸುತ್ತ ಕೂತವರು. ಅವನೋ ತಿದ್ದಿ ತಿದ್ದಿ ಮುಗಿಸದವನು, ಯಾವ ಪ್ರತಿ ಕೊನೆಯದು ಅಂತ ಕೇಳೋಣವೆಂದರೆ ಬಾಯಿಲ್ಲ.

ಇವರು ಮನೆಗೆ ಬಂದ ಮೇಲೆ ನಾನೂ ತಿದ್ದುವುದು ನಿಲ್ಲಿಸಿದೆ. 'ಎದೆಯಲ್ಲಿ ನೀರಿರುವ ಶಿಷ್ಯ' ಎಂದೇ ಅಚ್ಚಾಗಿದೆ. ಗೆಳತಿ ಕರಡಿನಲ್ಲಿ ಅದಕ್ಕೆ ಪ್ರಶ್ನೆಚಿಹ್ನೆ ಹಾಕಿದ್ದಳು, ನಾನು ಒಪ್ಪಲಿಲ್ಲ. ಇವರು ಈಗ ಉಪ್ಪಿಲ್ಲದ ಸಾರಿಗೆ ಮುಖ ಸಿಂಡರಿಸುತ್ತಾರೆ, ಚಹಾ ಮಾತ್ರ ಮೊದಲಿನಂತೆ ಅವರೇ ಮಾಡುತ್ತಾರೆ.

ಬಿಡುಗಡೆಗೆ ಮಾವಶಿ ಬಂದಿದ್ದರು, ಹಿಂದಿನ ಸಾಲಿನಲ್ಲಿ, ಅರ್ಧಕ್ಕೆ ಎದ್ದು ಹೋದರು. ಮಧ್ಯಾಹ್ನದ ಊಟದ ಹೊತ್ತು ಪಾಪ. ಸೋಮವಾರ ಪುಸ್ತಕ ಹಿಡಿದು ಖಾನಾವಳಿಗೆ ಹೋದೆ. ಕೈ ಒರೆಸಿಕೊಂಡು ತಗೊಂಡರು, ಹೊದಿಕೆ ಸವರಿದರು. ಆಮೇಲೆ ಕೇಳಿದರು: 'ಆ ಕೂಸು ಕಡೀಕ ಏನಾತ್ರಿ ಬಾಯಾರ? ಅವತ್ತ ಅಳಾಕತ್ತಿತ್ತಲ್ಲ.'

'ಸೂರ್ಯಕಾಂತಿ ಹೂ ಆಕ್ಕೈತಿ' ಅಂದೆ. ಅದರ ಮುಂದೆ ಆ ಹೂವು ಬಂದೂಕಾಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ಪುಟದ ಮೂಲೆ ಮಡಚಿ ಕೊಟ್ಟು ಬಂದಿದ್ದೇನೆ.