ಇಂಗಾಲ ಸರ್‌ಚಾರ್ಜ್ ಕುರಿತು ಬೆಳೆಗಾರ ಗ್ರಾಹಕರಿಗೆ ಪತ್ರ

ದ್ರಾಕ್ಷಿ ಬೆಳೆಗಾರರ ಪ್ಯಾಕ್‌ಹೌಸ್, ತಿಕೋಟಾ
ಜನವರಿ 2026

ಮಾನ್ಯ ರೈತ ಬಾಂಧವರೇ,

ಈ ಹಂಗಾಮಿನಿಂದ ಯುರೋಪಿಗೆ ಹೋಗುವ ದ್ರಾಕ್ಷಿಯ ಬಿಲ್ಲಿನಲ್ಲಿ, ಪ್ಯಾಕಿಂಗ್ ಮತ್ತು ಪ್ರೀ-ಕೂಲಿಂಗ್ (ಸಾಗಿಸುವ ಮೊದಲು ಹಣ್ಣನ್ನು ತಂಪು ಮಾಡುವ) ದರಗಳ ಕೆಳಗೆ, ಹಡಗು ಕಂಪನಿ ವಿಧಿಸುವ ಇಂಗಾಲ ಸರ್‌ಚಾರ್ಜ್ ಪ್ರತ್ಯೇಕ ಸಾಲಾಗಿ ಬರುತ್ತದೆ. ಕಳೆದ ಎರಡು ಹಂಗಾಮುಗಳಲ್ಲಿ ಇದನ್ನು ಸಂಘವೇ ಭರಿಸಿತ್ತು. ಇನ್ನು ನಮ್ಮಿಂದ ಆಗದು. ಔಷಧ, ಕೂಲಿಗಳ ಖರ್ಚು ಕೈ ಕಚ್ಚುತ್ತಿರುವಾಗಲೇ ಇದನ್ನು ತಿಳಿಸಬೇಕಾಗಿ ಬಂದದ್ದಕ್ಕೆ ವಿಷಾದಿಸುತ್ತೇವೆ.

“ಸಮುದ್ರ ಎಲ್ಲಿ, ತಿಕೋಟಾ ಎಲ್ಲಿ? ಬಂದರಿನ ಹೆಸರು ಹೇಳಿ ಸಂಘ ರೊಕ್ಕ ಮಾಡಿಕೊಳ್ಳುತ್ತಿದೆ” ಎಂಬ ಮಾತು ನಮ್ಮ ಕಿವಿಗೆ ಮತ್ತೆ ಮತ್ತೆ ಬಿದ್ದಿದೆ. 2024ರ ಜನವರಿಯಿಂದ ಯುರೋಪ್ ಒಕ್ಕೂಟವು ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳ ಇಂಗಾಲದ ಹೊಗೆಗೆ ಬೆಲೆ ಕಟ್ಟಿದೆ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ಗೆ ನೇರವಾಗಿ ಹೋಗುವ ಹಡಗಾದರೆ ಆ ದಾರಿಯ ಅರ್ಧ ಹೊಗೆ ಲೆಕ್ಕಕ್ಕೆ ಬರುತ್ತದೆ. ಆ ಲೆಕ್ಕದಲ್ಲಿ 2024ರ ಹೊಗೆಗೆ ಶೇ 40, 2025ರದಕ್ಕೆ ಶೇ 70, ಈ ವರ್ಷದ್ದಕ್ಕೆ ಪೂರ್ತಿ ಶೇ 100ರಷ್ಟು ಪರವಾನಗಿಯನ್ನು (ಹೊಗೆ ಬಿಡಲು ದುಡ್ಡು ಕೊಟ್ಟು ಕೊಳ್ಳುವ ಹಕ್ಕುಪತ್ರ) ಹಡಗು ಕಂಪನಿ ಒಪ್ಪಿಸಬೇಕು. ಕಂಪನಿಯು ಅದನ್ನು ಕಂಟೇನರ್ ಬಾಡಿಗೆಯ ಮೇಲೆ ಹಾಕುತ್ತದೆ. ಕೆಂಪು ಸಮುದ್ರದ ದಾಳಿಗಳಿಂದಾಗಿ 2023ರ ಕೊನೆಯಿಂದ ಅನೇಕ ಹಡಗುಗಳು ಆಫ್ರಿಕಾವನ್ನೇ ಸುತ್ತಿ ಹೋಗತೊಡಗಿದವು. ಹಾಗೆ ಸುತ್ತಿದಷ್ಟೂ ಇಂಧನ ಹೆಚ್ಚು, ಸರ್‌ಚಾರ್ಜೂ ಹೆಚ್ಚು. ಇದರಲ್ಲಿ ಸಂಘಕ್ಕೆ ಒಂದು ಪೈಸೆಯೂ ಉಳಿಯುವುದಿಲ್ಲ.

ಹವಾಮಾನ ಕೆಡದಿರಲೆಂದೇ ಹೊಗೆಗೆ ಈ ಬೆಲೆ ಎಂಬ ಮಾತು ಬರೀ ನೆಪ ಎನ್ನುವವರಿಗೆ 2021ರ ಮೇ ತಿಂಗಳನ್ನು ನೆನಪಿಸಬೇಕಾಗಿದೆ. ತೌಕ್ತೆ ಚಂಡಮಾರುತ ಬಂದಾಗ ನ್ಹಾವಾ ಶೇವಾದಲ್ಲಿ ಕೆಲಸವೇ ನಿಂತಿತ್ತು. ನಮ್ಮ ಹಂಗಾಮು ಮುಗಿದಿತ್ತು, ಬಚಾವಾದೆವು. ಬಂದರು ನಿಂತರೆ ರೀಫರ್ (ಹಣ್ಣನ್ನು ತಂಪಾಗಿಡುವ) ಕಂಟೇನರಿಗೆ ವಿದ್ಯುತ್ ತಪ್ಪಬಾರದು. ತಂಪು ಕೆಟ್ಟರೆ ಮೊದಲು ಗೊನೆಯ ಹಸಿರು ದಂಟು ಕಂದಾಗುತ್ತದೆ, ಖರೀದಿದಾರ ಬಾಕ್ಸ್ ತೆರೆದಾಗ ನೋಡುವುದೂ ಅದನ್ನೇ. ನಮ್ಮ ಕೋಲ್ಡ್ ಸ್ಟೋರೇಜಿನಿಂದ ಹೊರಟ ಮಾಲಿನ ದಂಟು ಹಸಿರಾಗಿಯೇ ಇತ್ತೆಂದು ಖರೀದಿದಾರರೇ ಬರೆದು ತಿಳಿಸಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆವು.

ಪ್ಯಾಕಿಂಗ್ ದರ ಹೋದ ವರ್ಷದ್ದೇ ಇರುತ್ತದೆ. ಹಡಗು ಕಂಪನಿಯ ಬಿಲ್ಲನ್ನೂ ಅದನ್ನು ಬಾಕ್ಸಿಗೆ ಹಂಚಿದ ಲೆಕ್ಕದ ಹಾಳೆಯನ್ನೂ ಕಚೇರಿಯಲ್ಲಿ ಇಟ್ಟಿದ್ದೇವೆ; ಯಾವಾಗ ಬಂದರೂ ಎದುರಿಗೆ ಕುಳಿತು ತೋರಿಸುತ್ತೇವೆ. ಈ ದರದಲ್ಲಿ ರಫ್ತು ಬೇಡ, ಒಣದ್ರಾಕ್ಷಿಯನ್ನೇ ಮಾಡುತ್ತೇವೆ ಎನ್ನುವವರು ಕಂಟೇನರ್ ಬುಕ್ ಮಾಡುವ ಮೊದಲೇ ತಿಳಿಸಬೇಕು. ಬುಕ್ ಆದ ಮೇಲೆ ಖಾಲಿ ಉಳಿದ ಜಾಗದ ಬಾಡಿಗೆ ಉಳಿದ ಬೆಳೆಗಾರರ ಮೇಲೆ ಬೀಳುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ